ನಡುಬೆಂಚಿನ ಮೇಲಿನ ನೋಟ್‌ಬುಕ್ಕು

ಈಗಲೂ ಯಾವ ಕೋಣೆಗೆ ಹೋದರೂ ಮೊದಲು ತಲೆಯೆತ್ತಿ ಮಾಡಿನ ತೊಲೆ ನೋಡುತ್ತೇನೆ. ಆಮೇಲೆ ಬಾಗಿಲು ಎಷ್ಟು ದೂರ ಎಂದು ಅಳೆಯುತ್ತೇನೆ. ಒಳಗಿರುವವರ ಮುಖ ಕಾಣುವುದು ಅದಾದ ಮೇಲೆಯೇ.

ತೊಂಬತ್ತರ ದಶಕದ ಕೊನೆಯಲ್ಲಿ ಬಿ.ಎಡ್. ಮುಗಿಸಿ ಶಿವಮೊಗ್ಗದ ಹಳೇ ಪೇಟೆಯೊಳಗಿನ ಒಂದು ಸರ್ಕಾರಿ ಶಾಲೆಗೆ ತಾತ್ಕಾಲಿಕ ಟೀಚರಾಗಿ ಸೇರಿದೆ. ಮನೆ ಭದ್ರಾವತಿಯಲ್ಲಿ. ದಿನಾ ಬಸ್ಸಿನ ಓಡಾಟ. ನಾನು ಓದಿದ್ದು ಕಾರ್ಖಾನೆ ಕಾಲೊನಿಯ ಶಾಲೆಯಲ್ಲಿ. ಅಲ್ಲಿ ಗಂಟೆ ಹೊಡೆದರೆ ಸಾಲು ತಾನಾಗಿ ನಿಲ್ಲುತ್ತಿತ್ತು. ಇಲ್ಲಿಯ ಮಕ್ಕಳನ್ನು ನೋಡಿದ ಮೊದಲ ವಾರವೇ ಇವರು ಓದುವವರಲ್ಲ ಎಂಬ ಅನುಮಾನ ನನಗೆ ಹತ್ತಿತು.

ನನಗೆ ಕೊಟ್ಟಿದ್ದು ಏಳನೇ ತರಗತಿ. ಆಗ ಏಳಕ್ಕೆ ಪಬ್ಲಿಕ್ ಪರೀಕ್ಷೆ ಇತ್ತು. ನಮ್ಮ ಶಾಲೆಯ ಫಲಿತಾಂಶ ಪ್ರತಿ ವರ್ಷವೂ ತಲೆ ತಗ್ಗಿಸುವಂಥದ್ದು. "ಸುಮ್ನೆ ಗಂಟಲು ಹರ್ಕೋಬೇಡ ಮಾರಾಯ್ತಿ," ಎಂದರು ಹಿರಿಯ ಟೀಚರೊಬ್ಬರು. "ಇವಕ್ಕೆ ಮನೇಲಿ ಕೇಳೋರಿಲ್ಲ, ಇಲ್ಲಿ ಕೇಳೋ ಮನಸ್ಸಿಲ್ಲ."

ನಂಬಿದೆ. ಸಾಕ್ಷಿಯೂ ಕಣ್ಣೆದುರೇ ಇತ್ತು. ಮೂವರ ಬೆಂಚಿನಲ್ಲಿ ಐವರು ಒತ್ತಿಕೊಂಡು ಬಾಗಿಲ ಹತ್ತಿರವೇ ಕೂರುತ್ತಿದ್ದರು. ನಡುವಿನ ಎರಡು ಬೆಂಚು ಬಹಳ ದಿನ ಖಾಲಿ. ನಾನು ಬೋರ್ಡಿನ ಮೇಲೆ ಬರೆದು ತಿರುಗಿದರೆ ಅರ್ಧ ತರಗತಿ ಮೇಲೆ ನೋಡುತ್ತಿರುತ್ತಿತ್ತು. ಇದರ ಜೊತೆಗೆ ದಿನಾ ಬೆಳಿಗ್ಗೆ ನಡುಬೆಂಚಿನ ಮೇಲೆ ಒಂದು ನೋಟ್‌ಬುಕ್ಕು, ಖಾಲಿ ಹಾಳೆ ತೆರೆದು, ಧೂಳು ಹಿಡಿದು ಬಿದ್ದಿರುತ್ತಿತ್ತು. ಸಣಕಲು ಹುಡುಗಿಯೊಬ್ಬಳು ಅದನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಗೆಳತಿಯರಿಗೆ ತೋರಿಸಿ, ಉಫ್ ಎಂದು ಊದುತ್ತಿದ್ದಳು.

"ಪುಸ್ತಕ ಇಲ್ಲೇ ಬಿಟ್ಟು ಹೋದ್ರೆ ಹೋಂವರ್ಕ್ ಯಾರು ಮಾಡ್ತಾರೆ?"

"ಮರ್ತೋಯ್ತು ಮಿಸ್."

"ದಿನಾ ಮರೆಯುತ್ತಾ?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. ಇವಳು ಸುಳ್ಳುಗಾತಿ ಎಂದು ಅವತ್ತೇ ತೀರ್ಮಾನಿಸಿದೆ.

ಅವಳ ತಾಯಿ ಮಂಡಿಯಲ್ಲಿ ಅಡಿಕೆ ಆರಿಸುವ ಹೆಂಗಸು. ಒಮ್ಮೆ ಶಾಲೆಗೆ ಬಂದು ಖಡಾಖಂಡಿತ ಹೇಳಿದ್ದರು: "ಪಾಸಾದ್ರೆ ಹೈಸ್ಕೂಲು ಮಿಸ್. ಫೇಲಾದ್ರೆ ನನ್ ಜೊತೆ ಅಡಿಕೆ ಆರ್ಸೋಕೆ ಬರ್ಲಿ."

"ಅವಳಿಗೆ ಓದೋ ಮನಸ್ಸೇ ಇಲ್ಲ," ಎಂದೆ. "ಕಾಪಿ ಹೊಡೀತಾಳೆ ಅಂತ ನನಗೆ ಅನುಮಾನ."

ಯಾಕೆಂದರೆ ಟೆಸ್ಟಿನಲ್ಲಿ ಅವಳು ಮೇಲೆ ನೋಡುತ್ತಿದ್ದಳು, ಆಮೇಲೆ ಬರೆಯುತ್ತಿದ್ದಳು. ತೊಲೆಯ ಮೇಲೆ ಉತ್ತರ ಬರೆದಿಟ್ಟಿದ್ದಾರೆ ಎಂದುಕೊಂಡೆ. ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಬೆಂಚಿನ ಮೇಲೆ ಸ್ಟೂಲಿಟ್ಟು ಹತ್ತಿದೆ. ತೊಲೆ ನನ್ನ ಮುಖದಿಂದ ಒಂದು ಗೇಣು ದೂರ. ಅಕ್ಷರ ಇರಲಿಲ್ಲ. ಸೂಜಿಯಲ್ಲಿ ಚುಚ್ಚಿದಂಥ ತೂತುಗಳು, ತುಂಬಾ. ಸ್ಕೇಲಿನಿಂದ ಕೆರೆದೆ. ಹಳದಿ ಹಿಟ್ಟು ಕಣ್ಣಿಗೆ ಉದುರಿತು. ಇಳಿದು ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ಅಳಿಸಿಬಿಟ್ಟಿದ್ದಾರೆ ಕಳ್ಳರು ಎನಿಸಿತೇ ಹೊರತು ಬೇರೇನೂ ಹೊಳೆಯಲಿಲ್ಲ.

ಆ ಸಂಜೆ ನನ್ನನ್ನು ಬಿಟ್ಟಿಲ್ಲ. ನೋಡಬೇಕಾದದ್ದನ್ನು ಅಷ್ಟು ಹತ್ತಿರದಿಂದ ನೋಡಿದ್ದೆ.

ಫೆಬ್ರವರಿಯಲ್ಲಿ ಪ್ರಿಪರೇಟರಿ ಪರೀಕ್ಷೆ. ಅವಳನ್ನು ಒಬ್ಬಳನ್ನೇ ನಡುಬೆಂಚಿಗೆ ಕಳಿಸಿದೆ.

"ಮಿಸ್, ಬಾಗ್ಲ ಹತ್ರ ಕೂತ್ಕೋತೀನಿ."

"ಯಾಕೆ, ಪಕ್ಕದಲ್ಲಿ ಯಾರಾದ್ರೂ ಬೇಕಾ?"

"ಅವ್ಳ ಬದ್ಲು ನಾನ್ ಕೂರ್ತೀನಿ ಮಿಸ್," ಎಂದು ಗೆಳತಿ ಎದ್ದಳು.

"ನೋಡಿ, ಕಾಪಿಗೆ ಎಷ್ಟು ಒಗ್ಗಟ್ಟು!" ಎಂದೆ.

ಅವಳು ಕೂತಳು. ನಾನು ಪಕ್ಕದಲ್ಲೇ ಕಾವಲು ನಿಂತೆ. ಅವಳು ಒಂದು ಸಾಲು ಬರೆಯುವುದು, ಹಾಳೆ ಊದುವುದು, ಮತ್ತೆ ಬರೆಯುವುದು. ಅರ್ಧ ಗಂಟೆಯಾಗಿರಬೇಕು. ಅಡಕತ್ತರಿಯಲ್ಲಿ ಅಡಿಕೆ ಒಡೆದಂಥ ಸಣ್ಣ ಸದ್ದು ಕೇಳಿತು.

"ಏಳ್ರೋ!" ಎಂದು ಕೂಗಿ ಅವಳು ಹಾಳೆ ಸಮೇತ ಬಾಗಿಲಿಗೆ ಓಡಿದಳು. ಇಡೀ ತರಗತಿ, ಮೊದಲೇ ಅಭ್ಯಾಸ ಮಾಡಿದ್ದಂತೆ, ನೂಕುನುಗ್ಗಲಿಲ್ಲದೆ ಹೊರಗೆ ಹರಿಯಿತು. ನಾನು ಓಡಿದ್ದು ಹೆದರಿ ಅಲ್ಲ, ಕಳ್ಳಿಯನ್ನು ಹಿಡಿಯಲು. ಜಗಲಿಯಲ್ಲಿ ತೋಳು ಹಿಡಿದು "ಪೇಪರ್ ಕೊಡೇ!" ಎಂದು ಕಿರುಚಿದೆ. ಮಾತು ಮುಗಿಯುವ ಮೊದಲೇ ಬೆನ್ನ ಹಿಂದೆ ತೊಲೆ, ಹೆಂಚು ಎಲ್ಲ ಕುಸಿದವು. ಧೂಳು ಇಳಿದಾಗ ನಡುಬೆಂಚು ಎರಡು ತುಂಡಾಗಿತ್ತು. ಯಾರಿಗೂ ಏನೂ ಆಗಿರಲಿಲ್ಲ. ನನ್ನನ್ನು ಉಳಿಸಿದ್ದು ನನ್ನ ಅನುಮಾನವೇ. ಅದನ್ನು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆ.

ಹುಡುಗಿ ಆಗ ಬಾಯಿ ಬಿಟ್ಟಳು. ತೊಲೆಗೆ ಹುಳು ಹಿಡಿದಿದೆ ಎಂದು ಹಿಂದಿನ ವರ್ಷವೇ ಮಕ್ಕಳು ಹೆಡ್‌ಮಾಸ್ಟರಿಗೆ ಹೇಳಿದ್ದರಂತೆ. "ಮಾಡಿನ ಸುದ್ದಿ ಎತ್ತಿದ್ರೆ ಶಾಲೆ ಮುಚ್ತಾರೆ, ಆಮೇಲೆ ಹೊಳೆ ಆಚೆ ಶಾಲೆಗೆ ನಡೀರಿ," ಎಂದಿದ್ದರಂತೆ ಅವರು. ಅಷ್ಟು ದೂರ ಅಮ್ಮ ಕಳಿಸುವುದಿಲ್ಲ ಎಂದು ಇವಳಿಗೆ ಗೊತ್ತಿತ್ತು. ಅದಕ್ಕೇ ಮಕ್ಕಳು ಸಂಜೆ ನೋಟ್‌ಬುಕ್ಕು ತೆರೆದಿಟ್ಟು ಹೋಗುತ್ತಿದ್ದರು. ಬೆಳಿಗ್ಗೆ ಧೂಳು ಕಡಿಮೆಯಿದ್ದರೆ ನಡುವೆ ಕೂರಬಹುದು, ಜಾಸ್ತಿಯಿದ್ದರೆ ಬಾಗಿಲ ಹತ್ತಿರ.

"ಇವತ್ತು ಧೂಳು ಎಷ್ಟಿತ್ತು?" ಎಂದು ಕೇಳಿದೆ.

"ಬೆರಳಲ್ಲಿ ಅಕ್ಷರ ಬರೆಯೋವಷ್ಟು ಮಿಸ್."

ಸಂಜೆ ಹೆಡ್‌ಮಾಸ್ಟರು ಹಾಳೆಯೊಂದನ್ನು ಮುಂದಿಟ್ಟರು. ಆ ಕೋಣೆಯಲ್ಲಿ ತರಗತಿ ನಡೆಯುತ್ತಿರಲಿಲ್ಲ ಎಂದಿತ್ತು. ಸಹಿ ಹಾಕಿದೆ. ತಾತ್ಕಾಲಿಕ ಕೆಲಸದವಳು ತಾನೇ ಎಂದು ನನಗೆ ನಾನೇ ಹೇಳಿಕೊಂಡೆ.

ಮಕ್ಕಳನ್ನು ಹೊಳೆಯಾಚೆಯ ಶಾಲೆಗೆ ಕಳಿಸಿದರು. ಅವಳು ಅಲ್ಲಿಗೆ ಬರಲಿಲ್ಲ. ಅವತ್ತು ಅವಳ ಕೈಯಿಂದ ತೆಗೆದುಕೊಂಡ ಉತ್ತರಪತ್ರಿಕೆ ನನ್ನ ಬ್ಯಾಗಿನಲ್ಲೇ ಉಳಿದಿತ್ತು. ತಿದ್ದಿದೆ. ಬರೆದಿದ್ದ ನಾಲ್ಕು ಉತ್ತರಗಳೂ ಸರಿ. ಅದನ್ನು ಹಿಡಿದು ಮಂಡಿಗೆ ಹೋದೆ. ತಾಯಿಯ ಪಕ್ಕದಲ್ಲೇ ಅವಳೂ ಅಡಿಕೆ ರಾಶಿಯ ಮುಂದೆ ಕೂತಿದ್ದಳು.

"ಓದೋ ಮನಸ್ಸಿಲ್ಲ ಅಂದೋರು ನೀವೇ ಅಲ್ವಾ ಮಿಸ್?" ಎಂದರು ತಾಯಿ.

ಹಾಳೆ ಚಾಚಿದೆ. ಓದಲು ಬಾರದ ಅವರು ಅದನ್ನು ಮಗಳ ಮುಂದೆ ಹಿಡಿದರು. "ನೀನೇ ಬರ್ದಿದ್ದಾ? ಯಾರ್ದಾದ್ರೂ ನೋಡ್ಕೊಂಡಾ?"

"ಯಾರ್ದು ನೋಡ್ಲಿ? ಒಬ್ಳನ್ನೇ ಕೂರ್ಸಿದ್ರಲ್ಲ."

ತಾಯಿ ನನ್ನ ಮುಖವನ್ನೇ ನೋಡಿದರು. ತಲೆಯಾಡಿಸಿದೆ. "ಪರೀಕ್ಷೆ ಬರೀಲಿ. ಆಮೇಲೆ ನೋಡೋಣ," ಎಂದರು.

ಪಾಸಾದಳು. ಮಾತಿನಂತೆ ತಾಯಿ ಹೈಸ್ಕೂಲಿಗೆ ಸೇರಿಸಲು ಒಪ್ಪಿದರು. ತರಗತಿ ಶುರುವಾಗುವ ಹಿಂದಿನ ದಿನ ನಾನು ಆ ಹೈಸ್ಕೂಲಿಗೆ ಹೋದೆ. ಎಂಟನೇ ತರಗತಿಯ ಕೋಣೆಗೆ ತಾರಸಿ ಇತ್ತು. ಆದರೂ ನಡುಬೆಂಚಿನ ಮೇಲೆ ಒಂದು ಬಿಳಿ ಹಾಳೆ ಇಟ್ಟು ಬಂದೆ. ಮರುದಿನ ಭದ್ರಾವತಿಯಿಂದ ಮೊದಲ ಬಸ್ಸು ಹಿಡಿದು ಹೋಗಿ ನೋಡಿದರೆ ಹಾಳೆ ಸ್ವಚ್ಛವಾಗಿತ್ತು.

ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ.