ಏಳು ಎಂದು ಬರೆದಿದ್ದ ನಾಲ್ಕು

ಏಪ್ರಿಲ್ ಬಂತೆಂದರೆ ಎಫಿ ಗೆಡ್ಡಿಸ್‌ಗೆ ತಲೆನೋವು ಶುರು. ಪಿಟ್‌ಕಾರಿ ಊರಿನ ಗಂಡಸರು ಒಬ್ಬೊಬ್ಬರಾಗಿ, ಗಾಲ್ಫ್ ಕೋಲು ಮಾಡುವ ಅವಳ ವರ್ಕ್‌ಶಾಪಿನ ಬಾಗಿಲಿಗೆ ಬಂದು, ಆಗತಾನೆ ಹುಟ್ಟಿದ ಮೊಮ್ಮಗುವನ್ನು ತೋರಿಸುವವರಂತೆ ಮಿರಿಮಿರಿ ಮಿಂಚುವ ಗಾಲ್ಫ್ ಕೋಲೊಂದನ್ನು ಎತ್ತಿ ಹಿಡಿಯುತ್ತಾರೆ.

"ಹೊಸ ಮಾಡೆಲ್ ಕಣೇ ಎಫಿ. ಏಳನೇ ನಂಬರಲ್ಲೇ ಇಪ್ಪತ್ತು ಗಜ ಜಾಸ್ತಿ ಹೋಗ್ತಿದೆ."

ಎಫಿ ಕೋಲನ್ನು ಕಸಿದುಕೊಂಡು, ಬೆಂಚಿನ ಮೇಲಿನ ಅಳತೆಯ ಯಂತ್ರಕ್ಕೆ ಸಿಕ್ಕಿಸಿ ಮುಳ್ಳನ್ನು ನೋಡುತ್ತಾಳೆ.

"ಇಪ್ಪತ್ತೆಂಟು ಡಿಗ್ರಿ. ನಮ್ಮಪ್ಪನ ಕಾಲದಲ್ಲಿ ಇದನ್ನ ನಾಲ್ಕು ಅಂತಿದ್ರು. ಬೂಟಿನ ಮೇಲೆ ಸೈಜು ಕಡಿಮೆ ಬರೆದ್ರೆ ನಿನ್ನ ಪಾದ ಸಣ್ಣದಾಗತ್ತಾ?"

ಕಬ್ಬಿಣದ ಕೋಲುಗಳ ಲೆಕ್ಕ ಅಷ್ಟೇ. ನಂಬರು ಹೆಚ್ಚಿದಷ್ಟೂ ಚೆಂಡಿಗೆ ತಾಗುವ ಮುಖದ ಓರೆ ಹೆಚ್ಚು. ಚೆಂಡು ಎತ್ತರಕ್ಕೆ ಏರಿ ಹತ್ತಿರ ಬೀಳುತ್ತದೆ. ಓರೆ ಕಡಿಮೆ ಮಾಡಿ ಹಳೆಯ ನಂಬರನ್ನೇ ಒತ್ತಿಬಿಟ್ಟರೆ ಎಂಥವನ ಚೆಂಡೂ ದೂರ ಹೋಗುತ್ತದೆ. ಇದನ್ನು ಮೂವತ್ತು ವರ್ಷದಿಂದ ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಕೇಳಿಸಿಕೊಂಡವರು ತಲೆಯಾಡಿಸಿ, ಹೊರಗೆ ಹೋಗಿ, ಇಪ್ಪತ್ತು ಗಜದ ಕಥೆಯನ್ನು ಇನ್ನೊಬ್ಬರಿಗೆ ಹೇಳುತ್ತಿದ್ದರು.

ಹದಿನೈದಕ್ಕೆ ಶಾಲೆ ಬಿಟ್ಟು ಅಪ್ಪನ ಬೆಂಚಿನ ಪಕ್ಕ ನಿಂತವಳು ಎಫಿ. ಹುಡುಗಿಗೆ ಅರ ಹಿಡಿಯಲು ಬರುತ್ತದೆಯೇ ಎಂದು ಜನ ಕೇಳಿದಾಗ ಅಪ್ಪ ಎರಡು ಕೋಲು ಮುಂದಿಟ್ಟು, ಇದರಲ್ಲಿ ನಾನು ಮಾಡಿದ್ದು ಯಾವುದು, ಅವಳು ಮಾಡಿದ್ದು ಯಾವುದು ಹೇಳಿ ಎಂದಿದ್ದ. ಯಾರಿಗೂ ಹೇಳಲಾಗಲಿಲ್ಲ. ಈಗ ಅವಳಿಗೆ ಅರವತ್ತನಾಲ್ಕು, ಅಪ್ಪ ಇಲ್ಲ, ಬೆಂಚು ಇದೆ, ಅವನು ನಂಬರು ಒತ್ತುತ್ತಿದ್ದ ಉಕ್ಕಿನ ಅಚ್ಚುಗಳೂ ಇವೆ. ಹೊಸ ಮಾಡೆಲ್ ಬಂದಾಗಲೆಲ್ಲ ಎಫಿ ಸಮುದ್ರದಂಚಿನ ಮೈದಾನಕ್ಕೆ ಹೋಗಿ, ಅದರಲ್ಲಿ ಹತ್ತು ಚೆಂಡು, ಅದೇ ಓರೆಯ ಅಪ್ಪನ ಕೋಲಿನಲ್ಲಿ ಹತ್ತು ಚೆಂಡು ಹೊಡೆಯುತ್ತಿದ್ದಳು. ಇಪ್ಪತ್ತೂ ಒಂದೇ ಕಂಬಳಿಯಷ್ಟು ಜಾಗದಲ್ಲಿ ಬಿದ್ದಿರುತ್ತಿದ್ದವು. ಬಣ್ಣ ಹೊಸದು, ನಂಬರು ಸುಳ್ಳು. ಅದೇ ಅವಳ ತೀರ್ಪು.

ಈ ಏಪ್ರಿಲ್‌ನಲ್ಲಿ ಬಾಗಿಲಿಗೆ ಬಂದವನು ಅವಳ ಗಂಡ.

ಆರ್ಚಿ ಬಸ್ ಓಡಿಸಿ ನಿವೃತ್ತನಾದವನು. ಮದುವೆಗೆ ಮಾವ ಕೊಟ್ಟ ಕೋಲುಗಳಲ್ಲೇ ನಲವತ್ತು ವರ್ಷ ಆಡಿದವನು. ಪ್ರತಿ ಶನಿವಾರ ಮರ್ಡೋ ಮತ್ತಿನ್ನಿಬ್ಬರ ಜೊತೆ ಅವನ ಆಟ. ಆ ನಾಲ್ವರ ಕಟ್ಟಳೆ ಒಂದೇ: ಹದಿನಾರನೇ ಗುಳಿಯ ದಾರಿಗೆ ಅಡ್ಡ ಹರಿಯುವ ತೊರೆಯನ್ನು ಒಂದೇ ಹೊಡೆತಕ್ಕೆ ದಾಟಬೇಕು. ಏಳು ಶನಿವಾರ ಸತತ ಚೆಂಡನ್ನು ತೊರೆಗೆ ಬೀಳಿಸಿದವನು ಬುಧವಾರದ ಮುದುಕರ ಗುಂಪಿಗೆ. ಆರ್ಚಿಯ ಚೆಂಡು ಆರು ಶನಿವಾರ ಬಿದ್ದಾಗಿತ್ತು.

"ಅದನ್ನೊಂದು ಕೊಡಿಸೇ," ಎಂದ. ಸೇಲ್ಸ್‌ಮನ್ ಪರೀಕ್ಷೆಗೆಂದು ಬಿಟ್ಟುಹೋಗಿದ್ದ ಹೊಸ ಏಳನೇ ನಂಬರಿನ ಕೋಲು ಬೆಂಚಿನ ಮೇಲಿತ್ತು.

"ನೀನೂನಾ? ಚೀಲದಲ್ಲಿ ಅಪ್ಪನ ನಾಲ್ಕು ಇದೆ. ಅದೇ ಓರೆ. ಅದರಲ್ಲಿ ಹೊಡಿ."

"ಅದರಲ್ಲಿ ಹೊಡೆದ್ರೆ ತೊರೇಲಿರೋ ಬಾತುಕೋಳಿ ತಲೆ ಹಾರತ್ತೆ, ಚೆಂಡು ಹಾರಲ್ಲ."

"ಕೋಲಿನ ತಪ್ಪಲ್ಲ ಅದು."

"ನನ್ನ ತಪ್ಪು, ಗೊತ್ತು ಮಾರಾಯ್ತಿ. ತಪ್ಪು ಇಟ್ಕೊಂಡೇ ದಾಟಬೇಕಲ್ಲ."

ಬಾಯಿ ಮುಚ್ಚಿಸಲೆಂದೇ ಮರುದಿನ ಬೆಳಿಗ್ಗೆ ಅವನನ್ನು ಮೈದಾನಕ್ಕೆ ಎಳೆದೊಯ್ದಳು. ಎರಡೂ ಕೋಲುಗಳ ಮುಖಕ್ಕೆ ಟಾಲ್ಕಂ ಪೌಡರ್ ಸವರಿದಳು. ಚೆಂಡು ತಾಗಿದ ಗುರುತು ಅದರಲ್ಲಿ ಮೂಡುತ್ತದೆ. ಮೊದಲು ತಾನೇ ಹೊಡೆದಳು. ಎಂದಿನಂತೆ ಎರಡೂ ಒಂದೇ ಕಡೆ.

"ನೋಡಿದ್ಯಾ?"

"ನೋಡಿದೆ. ಈಗ ಕೊಡು ಇಲ್ಲಿ."

ಮಾವನ ನಾಲ್ಕರಲ್ಲಿ ಆರ್ಚಿ ಹತ್ತು ಹೊಡೆದ. ಎರಡು ನಡುವಿಗೆ ತಾಗಿ ಚೆನ್ನಾಗಿ ಹೋದವು. ಎಂಟು ಮುಖದ ಅಂಚಿಗೆ ತಾಗಿ, ಹುಲ್ಲು ಸವರಿಕೊಂಡು, ಮುಗ್ಗರಿಸಿ ನಿಂತವು. ಆಮೇಲೆ ಹೊಸದರಲ್ಲಿ ಹತ್ತು. ಮತ್ತೆ ಎರಡೇ ನಡುವಿಗೆ. ಗುರುತುಗಳು ಅದೇ ಅಂಚಿನಲ್ಲಿ, ಅದೇ ತಪ್ಪು. ಆದರೆ ಆ ತಪ್ಪಿದ ಎಂಟರಲ್ಲಿ ಆರು ಗಾಳಿಗೇರಿ, ತೊರೆಯಷ್ಟು ದೂರ ದಾಟಿ ಬಿದ್ದವು.

ಎಫಿ ಗುರುತುಗಳನ್ನು ನೋಡುತ್ತ ನಿಂತಳು. ಸಮುದ್ರದ ಗಾಳಿ ಪುಡಿಯನ್ನು ಹಾರಿಸಿಕೊಂಡು ಹೋಯಿತು. ಹೊಸ ಕೋಲಿನ ಭಾರ ಅಂಚಿಗೆ ಹಂಚಿದೆ, ನಡು ತಪ್ಪಿದ ಚೆಂಡನ್ನೂ ಅದು ಎತ್ತುತ್ತದೆ ಎಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಮೂವತ್ತು ವರ್ಷ ಪ್ರತಿಯೊಂದನ್ನೂ ತನ್ನ ಕೈಯಲ್ಲೇ ಪರೀಕ್ಷಿಸಿದ್ದಳು. ನಡು ತಪ್ಪದ ಕೈ ಅದು. ಅಂಚಿಗೆ ಭಾರವಿದ್ದರೇನು, ಇಲ್ಲದಿದ್ದರೇನು, ಆ ಕೈಗೆ ತಿಳಿಯುವುದೇ ಇಲ್ಲ. ಊರಿನವರೆಲ್ಲ ತನ್ನಂತೆಯೇ ಹೊಡೆಯುತ್ತಾರೆಂದು ಯಾವ ಬುದ್ಧಿಯಲ್ಲಿ ಅಂದುಕೊಂಡಿದ್ದೆನೋ ಎಂದು ಅವಳಿಗೆ ತನ್ನ ಮೇಲೇ ರೇಗಿತು. ಆ ಸೇಲ್ಸ್‌ಮನ್ ಅರ್ಧದಷ್ಟಾದರೂ ನಿಜ ಹೇಳಿದ್ದನೆಂಬುದು ಇನ್ನೂ ರೇಗಿಸಿತು.

"ಈಗ ಏನಂತೀಯಾ?" ಆರ್ಚಿ ಕೇಳಿದ.

"ಕೋಲು ಒಳ್ಳೇದು. ನಂಬರು ಸುಳ್ಳು," ಎಂದು ಅವಳು ಚೆಂಡು ಹೆಕ್ಕಲು ನಡೆದಳು.

ಅಂದು ಮಧ್ಯಾಹ್ನ ಕೋಲಿನ ತಳದ ಏಳನ್ನು ಅರದಿಂದ ಉಜ್ಜಿ ತೆಗೆದಳು. ಅಪ್ಪನ ಅಚ್ಚುಗಳಲ್ಲಿ ನಾಲ್ಕನ್ನು ಹುಡುಕಿ, ಅಲ್ಲಿಟ್ಟು ಸುತ್ತಿಗೆಯಿಂದ ಹೊಡೆದಳು. ಹೊಸ ಉಕ್ಕು ಗಟ್ಟಿ, ಅಚ್ಚು ಜಾರಿತು. ಬೈದುಕೊಂಡು ಮತ್ತೆ ಹೊಡೆದಳು. ನಾಲ್ಕನೇ ಏಟಿಗೆ, ಸ್ವಲ್ಪ ಸೊಟ್ಟಗೆ, ನಾಲ್ಕು ಮೂಡಿತು.

"ಇದಾದ್ರೆ ತಗೊಂಡು ಹೋಗು. ಇಲ್ಲಾಂದ್ರೆ ಬುಧವಾರಕ್ಕೆ ಹೋಗು."

ಶನಿವಾರ ಸಂಜೆ ಆರ್ಚಿ ಅಡುಗೆಮನೆಗೆ ಬಂದು ಟೋಪಿ ತೆಗೆಯದೆ ಕುಳಿತ. ಒಲೆಯ ಮೇಲೆ ಬಾರ್ಲಿ ಸೂಪು ಕುದಿಯುತ್ತಿತ್ತು. ಎಫಿ ತಿರುಗದೆಯೇ ಕೇಳಿದಳು, "ಬಿತ್ತಾ?"

"ದಾಟ್ತು. ಎರಡು ಗಜ."

ಅವಳ ಕೈಯ ಸೌಟು ಕ್ಷಣ ನಿಂತು ಮತ್ತೆ ತಿರುಗಿತು. "ಮತ್ತೆ ಮುಖ ಯಾಕೆ ಹೀಗಿದೆ?"

"ಮರ್ಡೋದೂ ಅದೇ ಕೋಲು ಕಣೇ. ಅವನು ಏಳರಲ್ಲಿ ದಾಟಿಸಿದೆ ಅಂದ. ನಂದು ಯಾವುದು ಅಂತ ಕೇಳಿದ, ನಾಲ್ಕು ಅಂದೆ. ಪಾಪ, ಅಷ್ಟೇ ದೂರಕ್ಕೆ ಆರ್ಚಿಗೆ ಈಗ ನಾಲ್ಕು ಬೇಕು, ತೋಳಲ್ಲಿ ಬಲ ಇಲ್ಲ ಅಂತ ಕ್ಲಬ್ಬಿಗೆ ಬರೋವರೆಗೂ ನಕ್ರು." ಅವನು ಮೇಜಿನ ಬಟ್ಟೆಯ ಅಂಚು ಮಡಿಸಿದ. "ಆ ಏಳನ್ನ ವಾಪಸ್ ಹಾಕಿಕೊಡ್ತೀಯಾ?"

ಎಫಿ ಅವನನ್ನು ನೋಡಿದಳು. ಬಟ್ಟಲಿಗೆ ಸೂಪು ಬಡಿಸಿ ಅವನ ಮುಂದೆ ಕುಕ್ಕಿದಳು.

"ನಾಲ್ಕು ಅಂತ ಹೇಳ್ಕೊಂಡು ದಾಟಿದವನು ನೀನೊಬ್ಬನೇ. ಕುಡಿ, ಆರತ್ತೆ."

ಈಗ ಯಾರೇ ಹೊಸ ಮಾಡೆಲ್ ತಂದರೂ ಅವಳು ಅಳತೆಯ ಮುಳ್ಳು ತೋರಿಸಿ, ಪೌಡರ್ ಡಬ್ಬಿ ಹಿಡಿದು, ಅವರನ್ನೇ ಮೈದಾನಕ್ಕೆ ಕರೆದೊಯ್ಯುತ್ತಾಳೆ. ಕೆಲಸ ಇಮ್ಮಡಿಯಾಗಿದೆ, ಗೊಣಗಾಟವೂ. ಆರ್ಚಿ ಇನ್ನೂ ಶನಿವಾರದ ಗುಂಪಿನಲ್ಲೇ ಇದ್ದಾನೆ. ಉಳಿದ ಕೋಲುಗಳನ್ನೆಲ್ಲ ಶುಚಿಯಾಗಿ ಒರೆಸಿಡುವ ಅವನು ಅದೊಂದರ ತಳಕ್ಕೆ ಮಾತ್ರ, ಸರಿಯಾಗಿ ನಂಬರಿನ ಮೇಲೆ, ಮಣ್ಣು ಮೆತ್ತಿಕೊಂಡಿರಲು ಬಿಡುತ್ತಾನೆ. ಪ್ರತಿ ಶುಕ್ರವಾರ ಎಫಿ ಹಳೆಯ ಬ್ರಷ್ ತೆಗೆದುಕೊಂಡು ಅದನ್ನು ಉಜ್ಜಿ ತೊಳೆದಿಡುತ್ತಾಳೆ.