ಆಮೆಯ ಮದುವೆಯಲ್ಲಿ ಕೇಳಿದ ಕೆಮ್ಮು

ನಿಮ್ಮ ದೊಡ್ಡಕ್ಕ ಫೋನಿನಲ್ಲಿ ಆಡುವ ಒಂದು ಆಟ ಮಾಡಿದ್ದು ನಿಮಗೆಲ್ಲ ಗೊತ್ತು. ಅದನ್ನು ಜನ ಹೊಗಳಿದ್ದು, ಬೈದದ್ದೂ ಗೊತ್ತಿರಬಹುದು. ಆ ಆಟದಲ್ಲಿ ಇರುವ ಮುದುಕಿಯ ದನಿ ನನ್ನದು. ಅದರಿಂದ ಏನಾಯಿತು ಎಂದು ನಿಮ್ಮಲ್ಲಿ ಯಾರಿಗೂ ಹೇಳಿಲ್ಲ. ಬಾಯಿಬಿಟ್ಟು ಹೇಳುವುದು ನನ್ನಿಂದ ಆಗದು. ಬರೆದರೆ ಆದೀತು.

ಅವಳು ಯಾದಗಿರಿಯಲ್ಲಿ ಕಾಲೇಜು ಓದುತ್ತಿದ್ದಳು. ಹಾಸ್ಟೆಲಿನ ಗೆಳತಿ ಚಿತ್ರ ಬಿಡಿಸಿದಳು, ಇವಳು ಉಳಿದದ್ದನ್ನು ಮಾಡಿದಳು. ಪ್ರೀತಿಸಿ ಮದುವೆಯಾಗುವ ಆಟವಂತೆ. ಹುಡುಗಿಯೊಬ್ಬಳು ಜಮಖಾನೆಯ ಮೇಲೆ ಕೂತಿರುತ್ತಾಳೆ. ಅವಳನ್ನು ನೋಡಲು ಒಂದೊಂದಾಗಿ ವರಗಳು ಬರುತ್ತವೆ: ಕಾಗೆ, ಗೂಬೆ, ಹಲ್ಲಿ, ಕತ್ತೆ, ಬಾವಿಯ ಆಮೆ. ಅವುಗಳ ಜೊತೆ ಮಾತಾಡಿ, ಮನಸ್ಸು ತಿಳಿದು, ಒಂದನ್ನು ಆರಿಸಿ ಒಪ್ಪಿಸಬೇಕು. ಕೊನೆಗೆ ಒಡಪು ಹೇಳಿ, ಪ್ರಾಸದ ಸಾಲುಗಳ ನಡುವೆ ಗಂಡನ ಹೆಸರು ಹೇಳಬೇಕು. ಒಡಪು ಅಜ್ಜಿಯಾದ ನನ್ನ ದನಿಯಲ್ಲೇ ಬೇಕೆಂದು ಅವಳ ಹಟ.

"ಗೂಬಿಗೆ ಒಡಪು ಹೇಳಂತೀಯಲ್ಲ, ನಾಚಿಕಿ ಬರಂಗಿಲ್ಲೇನ ನಿನಗ?" ಎಂದೆ.

"ಗೂಬಿ ಅಂತ ಯಾಕ ತಿಳಿತಿ ಆಯಿ? ಮುತ್ಯಾಗ ಹೇಳಿದಂಗ ಹೇಳು."

"ನಿಮ್ಮ ಮುತ್ಯಾಗ ಒಂದ ಸಲ ಹೇಳೀನಿ, ಮದಿವ್ಯಾಗ. ಅದೂ ಮಂದಿ ಕೈ ಹಿಡದು ಎಳದಾಡಿದ ಮ್ಯಾಲ."

ಸೊಸೆ ಹಿಟ್ಟಿನ ಗಿರಣಿಗೆ, ಮಗ ಕಚೇರಿಗೆ ಹೋಗಿದ್ದ ಒಂದು ಮಧ್ಯಾಹ್ನ, ನಮ್ಮ ಸುರಪುರದ ಮನೆಯ ಒಳಕೋಣೆಯಲ್ಲಿ ಕದ ಹಾಕಿಕೊಂಡು, ಫೋನಿನಲ್ಲಿ ದನಿ ಹಿಡಿಯಲು ಕೂತೆವು. "ಕೃಷ್ಣಾ ಹೊಳಿ ನೀರು ಬಂತು ಕಾಲುವಿ ತುಂಬ, ಸಜ್ಜಿ ರೊಟ್ಟಿ ಬಡದೀನಿ ಬುಟ್ಟಿ ತುಂಬ" ಎಂದು ಹೇಳಿ, ಹೆಸರು ಬರುವ ಜಾಗದಲ್ಲಿ ಸುಮ್ಮನಾಗಿ, ಮತ್ತೆ "ಅವರು ಬಂದ್ರ ಬೆಳಕು ಮನಿ ತುಂಬ" ಎಂದೆ. ಆ ಖಾಲಿ ಜಾಗಕ್ಕೆ ಕಾಗೆಯದೋ ಕತ್ತೆಯದೋ ಹೆಸರನ್ನು ಅವಳು ಪರದೆಯ ಮೇಲೆ ಬರೆಸುತ್ತಾಳಂತೆ. ಐದು ಒಡಪು ಹೇಳಿದೆ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಗೋಡೆ ಗಡಿಯಾರ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಆಟ ಹೊರಬಿದ್ದ ಮೇಲೆ ಆಡಿದವರು ಬರೆದದ್ದನ್ನು ಅವಳು ಓದಿ ಹೇಳುತ್ತಿದ್ದಳು. ಗೂಬೆಯನ್ನು ಒಪ್ಪಿಸಲು ಮೂರು ದಿನ ಬೇಕಾಯಿತು, ಹೆಂಡತಿಯನ್ನು ಒಪ್ಪಿಸಲು ಅರ್ಧ ತಾಸು ಸಾಕಾಗಿತ್ತು ಎಂದು ಒಬ್ಬ ಬರೆದಿದ್ದ. ಇದೆಂಥ ಹುಚ್ಚಾಟ ಎಂದು ಒಬ್ಬಳು ಒಂದೇ ನಕ್ಷತ್ರ ಕೊಟ್ಟಿದ್ದಳು. ನಾವು ನಕ್ಕೆವು. ಆಮೇಲೆ ಬೇರೆ ಥರದವು ಬರತೊಡಗಿದವು. "ಆಮೆಯ ಮದುವೆಯಲ್ಲಿ ಕೆಮ್ಮುವವರು ಯಾರು? ನಾನು ಫೋನ್ ಕೆಳಗಿಟ್ಟೆ." "ಹೆಸರಿನ ಜಾಗದಲ್ಲಿ ಗಂಡಸೊಬ್ಬ ಕೆಮ್ಮುತ್ತಾನೆ. ನನ್ನ ಕೋಣೆಯ ಹೊರಗೆ ಯಾರೋ ನಿಂತಂತಾಯಿತು." ಆಟಗಳ ಗುಣದೋಷ ಹೇಳುವ ವಿಡಿಯೋ ಮಾಡುವವನೊಬ್ಬನಿದ್ದಾನಂತೆ, ಅವನ ಮಾತಿಗೆ ಭಾರಿ ಬೆಲೆಯಂತೆ. ಆಟ ಬಹಳ ಚೆನ್ನಾಗಿದೆ, ಆ ಕೆಮ್ಮೊಂದು ತಪ್ಪು, ತೆಗೆದರೆ ಮುಂದಿನ ವಿಡಿಯೋದಲ್ಲಿ ಎಲ್ಲರಿಗೂ ಆಡಲು ಹೇಳುತ್ತೇನೆ ಎಂದಿದ್ದನಂತೆ.

ಅವಳು ಫೋನನ್ನು ನನ್ನ ಕಿವಿಗೆ ಹಿಡಿದಳು. ಎರಡು ಸಣ್ಣ ಕೆಮ್ಮು, ಆಮೇಲೆ ಗಂಟಲು ಎಳೆದು ಇನ್ನೊಂದು.

"ಓಣ್ಯಾಗ ಯಾರೋ ಹೋಗ್ಯಾರ ಆಯಿ, ಅದ ಬಂದದ. ಒಂದ ಗುಂಡಿ ಒತ್ತಿದ್ರ ಹೋಗತದ."

"ಎರಡ ದಿನ ತಡಿ" ಎಂದೆ.

ಆ ಒಳಕೋಣೆಗೆ ಓಣಿಯ ಕಡೆ ಕಿಟಕಿಯಿಲ್ಲ. ಆ ಕೆಮ್ಮು ನಿಮ್ಮ ಮುತ್ಯಾಂದು, ನನ್ನ ಯಜಮಾನರದು.

ಅವರು ಶಹಾಪುರದ ಹತ್ತಿ ಗಿರಣಿಯಲ್ಲಿದ್ದರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಅರಳೆಯ ಧೂಳು ಕುಡಿದ ಗಂಟಲು ಅದು. ನಾನು ಅವರ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಅವರೂ ನನ್ನ ಹೆಸರು ಕರೆದವರಲ್ಲ. ಅತ್ತೆ ಇದ್ದ ಮನೆ. ಅವರು ಬಂದು ಪಡಸಾಲೆಯಲ್ಲಿ ನಿಂತು ಕೆಮ್ಮುವರು. ನಾನು ತಲೆ ಮೇಲೆ ಸೆರಗು ಎಳೆದುಕೊಂಡು, ನೀರಿನ ತಂಬಿಗೆಯನ್ನು ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಸದ್ದಾಗುವಂತೆ ಇಡುವೆ. ಆ ಸದ್ದು ಕೇಳಿದ ಮೇಲೆಯೇ ಒಳಗೆ ಬರುವರು. ಅತ್ತೆ ಹೋದ ಮೇಲೂ ಅದೇ ನಡೆಯಿತು. ಒಮ್ಮೆ ನಾನು ಹಿತ್ತಲಲ್ಲಿ ಮೆಣಸಿನಕಾಯಿ ಹರವುತ್ತಿದ್ದೆ. ಬಂದು ನೋಡಿದರೆ ಅರ್ಧ ತಾಸಿನಿಂದ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದರು. "ಒಳಗ ಬರಬಾರದೇನ್ರಿ" ಎಂದೆ. "ನೀ ಅದಿಯೋ ಇಲ್ಲೋ ಅಂತ" ಎಂದರು.

ಅವರು ತೀರಿ ಏಳು ವರ್ಷ. ಫೋಟೋ ಇದೆ. ದನಿ ಎಲ್ಲೂ ಉಳಿದಿಲ್ಲ ಎಂದುಕೊಂಡಿದ್ದೆ.

ನಿಮ್ಮ ಅಕ್ಕನ ಹಳೆಯ ಫೋನಿನಲ್ಲಿ ಎರಡು ದಿನ ಅದನ್ನು ಕೇಳಿದೆ. ಮೊದಲ ದಿನ ಹಿಗ್ಗಿದೆ. ಯಾರು ಏನೇ ಬರೆಯಲಿ, ತೆಗೆಯಲು ಬಿಡಬಾರದು ಅನ್ನಿಸಿತು. ಎರಡನೆಯ ದಿನ ಬೇರೆಯೇ ಹೊಳೆಯಿತು. ಅವರು ಹಾಗೆ ಕೆಮ್ಮುತ್ತಿದ್ದದ್ದು ಹೊರಗೆ ನಿಂತಾಗ. ಇಷ್ಟು ಜನರ ಫೋನಿನಲ್ಲಿ, ಹೆಸರೂ ಗೊತ್ತಿಲ್ಲದ ಊರುಗಳಲ್ಲಿ, ಅವರು ಕೆಮ್ಮಿ ನಿಂತೇ ಇದ್ದಾರೆ. ಯಾರೂ ತಂಬಿಗೆಯ ಸದ್ದು ಮಾಡಿಲ್ಲ. ಹೆದರಿ ಫೋನ್ ಕೆಳಗಿಡುತ್ತಿದ್ದಾರೆ.

ನಿಮ್ಮ ಅಕ್ಕನನ್ನು ಕರೆದೆ. "ಕೆಮ್ಮು ತೆಗೀಬ್ಯಾಡ. ಅದರ ಹಿಂದ ಇನ್ನೊಂದು ಸಪ್ಪಳ ಹಾಕು."

"ಏನ ಸಪ್ಪಳ?"

ತಂಬಿಗೆ ತುಂಬಿ ತಂದು ಕಲ್ಲಿನ ಮೇಲೆ ಇಟ್ಟೆ. ಅವಳು ನಕ್ಕಳು. "ಹಾಂ, ಇದು ಛಲೋ ಅದ ಆಯಿ. ಈಗ ಅದು ತಪ್ಪು ಅನ್ನಂಗಿಲ್ಲ ಅವಾ. ಆಮಿ ಬಂತು, ಹೇಣ್ತಿ ನೀರ ಕೊಟ್ಲು ಅಂತ ತಿಳಿತಾರ." ಸೆರಗು ನನ್ನ ತಲೆ ಮೇಲಿದ್ದದ್ದನ್ನು ಅವಳು ನೋಡಲಿಲ್ಲ.

ಅಲ್ಲೇ ಕೂತು ಸೇರಿಸಿದಳು. ಹಚ್ಚಿ ಕೇಳಿದಳು. ಇನ್ನೊಮ್ಮೆ ಕೇಳಿದಳು. ಒಡಪು ಇತ್ತು, ತಂಬಿಗೆಯ ಸದ್ದಿತ್ತು. ನಡುವೆ ಕೆಮ್ಮಿರಲಿಲ್ಲ.

"ನಾ ತೆಗದಿಲ್ಲ ಆಯಿ. ನಿನ್ನಾಣಿ." ಹಳೆಯ ಫೋನ್ ತೆಗೆದು ಮೊದಲು ಹಿಡಿದಿಟ್ಟದ್ದನ್ನೂ ಹಚ್ಚಿದಳು. ಅದರಲ್ಲೂ ಬರೀ ಗಡಿಯಾರ. ಅವಳ ಮುಖ ಸಣ್ಣದಾಯಿತು. ನಾನು ಚಹಾ ಇಡಲು ಎದ್ದೆ.

ವಿಡಿಯೋದವನು ಮಾತಿಗೆ ತಪ್ಪಲಿಲ್ಲ, ಚೆನ್ನಾಗಿ ಹೊಗಳಿದನಂತೆ. ಮೊದಲಿಂದ ಆಡುತ್ತಿದ್ದವರು ಮಾತ್ರ ಬೇಸರದಿಂದ ಬರೆದರು. ಇದ್ದದ್ದರಲ್ಲಿ ಒಳ್ಳೆಯ ಗಂಡ ಆ ಕೆಮ್ಮುವವನೇ ಆಗಿದ್ದ, ಅವನನ್ನು ಯಾಕೆ ತೆಗೆದಿರಿ, ಎಲ್ಲಿಗೆ ಕಳಿಸಿದಿರಿ ಎಂದು ಒಬ್ಬಳು ಕೇಳಿದ್ದಳು. ಆ ದನಿ ಈಗ ಯಾವ ಫೋನಿನಲ್ಲೂ ಇಲ್ಲ. ಬೇಕೆಂದಾಗ ಕೇಳುವಂತಿಲ್ಲ. ಅದಕ್ಕೆ ಒಂದೊಂದು ಸಲ ಸಂಕಟವಾಗುತ್ತದೆ. ಆದರೂ ಅವರನ್ನು ಹೊರಗೇ ನಿಲ್ಲಿಸಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ.

ರಜೆಗೆ ಬಂದಾಗ ನೋಡುತ್ತೀರಿ, ಒಳಕೋಣೆಯಲ್ಲಿ ಒಬ್ಬಳೇ ಕೂತಿದ್ದರೂ ಈಗ ತಲೆ ಮೇಲೆ ಸೆರಗು ಹೊದ್ದಿರುತ್ತೇನೆ. ಇಷ್ಟು ಸೆಕೆಯಲ್ಲಿ ಯಾಕೆ ಎಂದು ಜಗ್ಗಲು ಬರಬೇಡಿ.