ಹಾಸಿನ ಓಣಿಯಿಂದ ಆಚೆಗಿಟ್ಟ ಎಂಟು ಮನೆಗಳು

ನೀಲವ್ವ, ನಿಮ್ಮ ಎಂಟು ಮನೆಗಳನ್ನು ನೇಕಾರರ ಓಣಿಯಿಂದ ತೆಗೆದು ಬಡಾವಣೆಯ ಕಟ್ಟಕಡೆಗೆ ಒಯ್ದವನು ನಾನು. ‘ಗಾಲಿಕುರ್ಚಿಯವರೇ ಹಾಗೆ ಕೇಳಿಕೊಂಡಿದ್ದಾರೆ’ ಎಂದು ಸಭೆಯಲ್ಲಿ ಹೇಳಿದವನೂ ನಾನೇ. ನಿಮ್ಮಲ್ಲಿ ಯಾರೂ ಕೇಳಿರಲಿಲ್ಲ. ಸುಳ್ಳು ಹೇಳಿದೆ — ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಗಜೇಂದ್ರಗಡದ ಹೊರಗೆ, ರೋಣದ ರಸ್ತೆಯ ಕಡೆಗೆ ನೇಕಾರರಿಗೆ ಹೊಸ ಬಡಾವಣೆ ಆಗುವುದೆಂದಾಗ ನಕ್ಷೆ ಬರೆಯುವ ಕೆಲಸ ನನಗೆ ಬಂತು. ನಾನೂ ನೇಕಾರರ ಮನೆಯವನೇ. ಅಣ್ಣ ಇಂದಿಗೂ ಸೀರೆ ನೇಯುತ್ತಾನೆ. ಗಾಲಿಕುರ್ಚಿಯವರಿಗೆ ಎಂಟು ಮನೆ ಅಂದಾಗ ನನಗೆ ಗೊತ್ತಿದ್ದದ್ದು ಮೆಟ್ಟಿಲಿನ ಬದಲು ಇಳಿಜಾರು ಮಾಡಬೇಕು ಎನ್ನುವುದಷ್ಟೇ. ಉಳಿದದ್ದನ್ನು ಕಲಿಸಿದವರು ನೀವಿಬ್ಬರು — ಚಿಕ್ಕಂದಿನಲ್ಲೇ ಕಾಲು ಸೋತ ನೀನು, ಮತ್ತೆ ಸೂಡಿಯ ವೀರಪ್ಪ. ಲಾರಿ ಓಡಿಸುತ್ತಿದ್ದು, ಅಪಘಾತದಲ್ಲಿ ಕಾಲು ಕಳೆದುಕೊಂಡ ಆ ಮನುಷ್ಯ ಶಾಲೆಯ ಮೈದಾನಕ್ಕೆ ನನ್ನನ್ನು ಕರೆಸಿ, ಗಾಲಿಗೆ ರಂಗೋಲಿ ಪುಡಿ ಸುರಿಸಿಕೊಂಡು ಒಂದು ಸುತ್ತು ಗರಗರ ತಿರುಗಿದ.

“ಇಷ್ಟು ಜಾಗಾ ಬೇಕ್ರಿ ಸಾಹೇಬ್ರ, ನನ್ನ ಗಾಡಿ ಹೊಳ್ಳಸಾಕ,” ಎಂದು ನಕ್ಕ.

“ಹಾರ್ನ್ ಹೊಡಿಯೋ ಡ್ರೈವರಣ್ಣ, ನಾ ಹಿಂದ ಅದೀನಿ!” ಎಂದು ನೀನು ಕಾಡಿಸಿದೆ. ಆ ಬಿಳಿಯ ಸುತ್ತನ್ನೇ ನಾನು ಟೇಪು ಹಿಡಿದು ಅಳೆದೆ. ಅಡುಗೆಮನೆ, ಬಚ್ಚಲು, ಬಾಗಿಲು — ಎಲ್ಲವೂ ಅದರಿಂದಲೇ ಹುಟ್ಟಿದವು. ಹೊಸ್ತಿಲನ್ನು ನೆಲದ ಮಟ್ಟಕ್ಕೆ ಇಳಿಸಿ, ಅರಿಸಿನ ಕುಂಕುಮ ಇಡಲು ಒಂದು ಕಪ್ಪು ಕಲ್ಲಿನ ಪಟ್ಟಿ ಕೂರಿಸೋಣ ಎಂದವಳೂ ನೀನೇ.

ನಿನಗಾಗಿ ನೀನು ಕೇಳಿದ್ದು ಒಂದೇ ಒಂದು. ನಮ್ಮಲ್ಲಿ ಸೀರೆಯ ಉದ್ದೆಳೆಗಳನ್ನು ಬೆಳಿಗ್ಗೆ ಓಣಿಯುದ್ದಕ್ಕೂ ಬಿಗಿದು ಗಂಜಿ ಹಚ್ಚಿ ಒಣಗಿಸುತ್ತಾರಲ್ಲ, ಆ ಹಾಸಿನ ಪಕ್ಕದಲ್ಲಿ ನಿನಗೆ ಮನೆ ಬೇಕಿತ್ತು.

“ಕಾಕಾರ, ಎಳಿ ಕಡದ್ರ ನಿಂತವ್ರೆಲ್ಲಾ ಬಗ್ಗಿ ಬಗ್ಗಿ ಕಟ್ಟಬೇಕು. ನಾ ಕುರ್ಚ್ಯಾಗ ಕುಂತ್ರ ಹಾಸು ನನ್ನ ಕೈಮಟ್ಟಕ್ಕ ಬರತೈತಿ. ಓಣಿ ಇನ್ನೊಂದು ಮೂರು ಫೂಟ ಅಗಲ ಮಾಡ್ರಿ, ಸಾಕು. ನಾಲ್ಕು ಮಂದ್ಯಾಗ ಇರ್ತೀನಿ.”

ಮೂರು ಅಡಿ. ಅದನ್ನು ಪೆನ್ಸಿಲಿನಲ್ಲಿ ಬರೆದೂ ಇದ್ದೆ.

ನಕ್ಷೆ ಒಪ್ಪಿಸುವ ಸಭೆಯ ಹಿಂದಿನ ದಿನ ಅಣ್ಣ ಮನೆಗೆ ಬಂದ. ಚಹಾ ಬಸಿಗೆ ಸುರಿದುಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದ: “ಗಾಲಿ ತಾಗಿದ್ರ ಹಾಸೆಲ್ಲಾ ಹಾಳು. ಮತ್ತ... ಮುಂಜಾನೆದ್ದು ಹಾಸು ಬಿಗಿಯೂ ಹೊತ್ತಿಗೆ ಆ ಕುರ್ಚಿ ಎದುರು ಬಂದ್ರ ಮಂದಿ ಮನಸಿಗೆ ಬರೂದಿಲ್ಲ ತಮ್ಮಾ. ಬ್ಯಾರೆ ಕಡೆ ಚಲೋತ್ನಾಗಿ ಕಟ್ಟಿಕೊಡು, ಯಾರು ಬ್ಯಾಡಂತಾರ?”

ಬೈಯಬೇಕಿತ್ತು. ಬೈಯಲಿಲ್ಲ. ಅಣ್ಣನ ಮಾತು ಅಂತ ಅವನ ಮೇಲೆ ಹಾಕಿಬಿಡಬಹುದು, ಆದರೆ ಖರೇ ಹೇಳಬೇಕೆಂದರೆ — ಕೆಲಸ ಬಿಟ್ಟ ಮೇಲೆ ಆ ಓಣಿಯಲ್ಲೇ ಇರಬೇಕಾದವನು ನಾನು. ಓಣಿಯವರ ಕಣ್ಣಿಗೆ ಕೆಟ್ಟವನಾಗುವುದು ನನಗೆ ಬೇಡವಾಗಿತ್ತು. ಆ ಮೂರು ಅಡಿಯನ್ನು ರಬ್ಬರಿನಿಂದ ಒರೆಸಿದೆ. ಎಂಟು ಮನೆಗಳನ್ನು ಕೊನೆಯ ಸಮತಟ್ಟಿನ ಜಾಗದಲ್ಲಿ ಒಂದೇ ಸಾಲಿಗೆ ಇಟ್ಟೆ. ಸಭೆಯಲ್ಲಿ ಯಾರೋ ಕಾರಣ ಕೇಳಿದರು. “ಅವರೇ ಕೇಳಿಕೊಂಡಿದ್ದಾರೆ,” ಎಂದೆ. ತಲೆಗಳು ಅಲ್ಲಾಡಿದವು, ಮುಂದಿನ ವಿಷಯಕ್ಕೆ ಹೋದರು.

ಮನೆಗಳು ಚೆನ್ನಾಗಿಯೇ ಆದವು. ಬೇರೆ ಊರುಗಳಿಂದ ನೋಡಲು ಬಂದವರು ಇಳಿಜಾರಿನ ಮೇಲೆ ಕೈಯಾಡಿಸಿ ನನ್ನನ್ನು ಹೊಗಳಿದರು. ಥೂ, ನಾನು ಹಲ್ಲು ಕಿರಿದು ನಿಂತಿದ್ದೆ. ಅವರು ಹೋದ ಮೇಲೆ ಆ ಸಾಲಿಗೆ ಯಾರೂ ಬರಲಿಲ್ಲ. ಸಾಲಿಗೂ ಓಣಿಗೂ ನಡುವೆ ಜಾಲಿ ಬೆಳೆದ ಬಯಲು, ಮಳೆ ಬಂದರೆ ಗಾಲಿ ಹೂತುಹೋಗುವ ಎರೆಮಣ್ಣು. ಮನೆಯೊಳಗೆ ನಿನ್ನ ಕುರ್ಚಿ ಎಲ್ಲಿ ಬೇಕಾದರೂ ತಿರುಗುತ್ತಿತ್ತು. ಹೊರಗೆ ಹೋಗಲು ಜಾಗವೇ ಇರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ‘ಗಾಲಿಕುರ್ಚಿಯವರೇ ಕೇಳಿದ್ದಂತೆ’ ಎನ್ನುವ ಮಾತು ನಿನ್ನ ಕಿವಿಗೂ ಬಿತ್ತು. ನೀನು ಕೇಳಿರಲಿಲ್ಲ. ನಿನ್ನನ್ನು ಬಿಟ್ಟರೆ ನನ್ನ ಹತ್ತಿರ ಬಂದು ಹೋಗುತ್ತಿದ್ದವನು ವೀರಪ್ಪ ಮಾತ್ರ. ಹಾಗಾದರೆ ಕೇಳಿದವನು ಅವನೇ ಎಂದು ನೀನು ಲೆಕ್ಕ ಹಾಕಿದೆ. ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಅವನ ಜೊತೆ ಮಾತು ಬಿಟ್ಟೆ. ಅವನು ನನ್ನನ್ನು ಕೇಳಿದ್ದ, ಒಮ್ಮೆಯಲ್ಲ, ಎರಡು ಸಲ — “ನೀಲವ್ವ ಯಾಕ್ರಿ ಮಾರಿ ತಿರಗಿಸ್ತಾಳ? ನಾ ಏನರ ಅಂದೆನೇನ್ರಿ?” ಹೆಣ್ಣುಮಕ್ಕಳ ಸಿಟ್ಟು, ಇಳಿಯುತ್ತದೆ ಬಿಡು ಎಂದೆ. ನಕ್ಕುಬಿಟ್ಟೆ ಕೂಡ.

ಅವನು ತೀರಿಹೋಗಿ ವರ್ಷವಾಗುತ್ತ ಬಂತು. ಅವನನ್ನು ಮಣ್ಣಿಗೆ ಒಯ್ಯುವಾಗ ನೀನು ಬಾಗಿಲಲ್ಲೇ ಇದ್ದೆ, ಆ ಬಯಲು ದಾಟಿ ಬರಲು ನಿನಗೆ ಆಗಲಿಲ್ಲ. ಆ ಬಯಲನ್ನು ನಡುವೆ ಇಟ್ಟ ನಾನು ಹೆಗಲು ಕೊಟ್ಟು ನಡೆಯುತ್ತಿದ್ದೆ. ಮೂರನೆಯ ದಿನ ನಿನ್ನ ಮನೆಗೆ ಬಂದಾಗ ಗೋಡೆಯ ಕಡೆಗೆ ನೋಡುತ್ತ ಕೇಳಿದೆಯಲ್ಲ —

“ಡ್ರೈವರಣ್ಣ ಯಾಕ ಹಂಗ ಅಂದಾ ಅಂತ ನಾ ಒಂದ ದಿನಾನೂ ಕೇಳಲಿಲ್ಲ ನೋಡ್ರಿ ಕಾಕಾರ. ನಿಮ್ಮ ಮುಂದ ಏನರ ಹೇಳಿದ್ನೇನು?”

“ಇಲ್ಲವ್ವಾ,” ಎಂದೆ. ನಿಜವಾದ ಮಾತೇ, ಆದರೆ ಹೇಳಬೇಕಾದದ್ದು ಅದಾಗಿರಲಿಲ್ಲ. ಚಪ್ಪಲಿ ಹುಡುಕುವವನ ಹಾಗೆ ತಲೆ ತಗ್ಗಿಸಿಕೊಂಡು ಹೊರಗೆ ಬಂದೆ.

ಕ್ಷಮಿಸು ಎನ್ನುವುದಿಲ್ಲ. ಕ್ಷಮಿಸಬೇಕಾದವರಲ್ಲಿ ಒಬ್ಬ ಈಗ ಇಲ್ಲ, ಇನ್ನೊಬ್ಬಳಿಗೆ ಇನ್ನೂ ಗೊತ್ತೇ ಇಲ್ಲ. ನಾಳೆ ಬೆಳಿಗ್ಗೆ ಅಣ್ಣ ಓಣಿಯಲ್ಲಿ ಹಾಸು ಬಿಗಿಯುತ್ತಾನೆ, ಓಣಿಯೆಲ್ಲ ಅಲ್ಲಿ ಸೇರುತ್ತದೆ. ಅವರೆಲ್ಲರ ಎದುರು ಹೇಳುತ್ತೇನೆ, ಯಾರು ಏನಾದರೂ ಅನ್ನಲಿ. ಆದರೆ ಅದಕ್ಕೂ ಮೊದಲು ಬಯಲು ದಾಟಿ ನಿನ್ನಲ್ಲಿಗೆ ಬರಬೇಕು. ನಿನ್ನ ಬಾಗಿಲಿಗೆ ಎಡವಲು ಹೊಸ್ತಿಲೂ ಇಲ್ಲ, ನಿಲ್ಲಲು ನೆಪವೂ ಇಲ್ಲ. ಒಳಗೆ ಬಂದು, ಈ ಸಲ ನಿನ್ನ ಮುಖ ನೋಡಿಕೊಂಡೇ ಹೇಳುತ್ತೇನೆ — ನಿನ್ನ ಡ್ರೈವರಣ್ಣ ಹಾಗೆ ಅಂದಿರಲಿಲ್ಲ, ನೀಲವ್ವ.